ಹೆರಿಗಿ ಆದಮ್ಯಾಲ ಗ್ಯಾಸ್ ತಡ್ಯಾಕ ಆಗವಲ್ದು, ಸಂಡಾಸ ದಾರಿ ಸ್ಕ್ಯಾನ್ ಮಾಡ್ಸು ಅಂದಾರ

ಜಮಖಂಡಿ ಸೊಸಿ

ಇದನ್ನ ಯಾರ ಮುಂದ ಕೇಳಬೇಕು ತಿಳೀವಲ್ದು, ಅದಕ್ಕ ಇಲ್ಲಿ ಬರ್ಯಾಕತ್ತೀನಿ. ಮೊದಲನೇ ಹೆರಿಗಿ. ಕೂಸಿಗೆ ಈಗ ಐದನೇ ತಿಂಗಳ. ನೋವು ತಿಂದು ತಿಂದು ಸಾಕಾದಮ್ಯಾಲ ಚಿಮಟಾ ಹಾಕಿ ತಗದ್ರು, ಕೂಸು 3.7 ಕಿಲೋ. ಕೆಳಗ ಭಾಳ ಹರಿದೈತಿ ಅಂತ ಥೇಟರಿಗೆ ಒಯ್ದು ಹೊಲಿಗಿ ಹಾಕಿದ್ರು. ಡಿಸ್ಚಾರ್ಜ್ ಕಾರ್ಡಿನ್ಯಾಗ ‘3ಬಿ ಪೆರಿನಿಯಲ್ ಟೇರ್, ರಿಪೇರ್ ಡನ್’ ಅಂತ ಐತಿ.

ಹೊಲಿಗಿ ಮಾದಾವು. ಆದ್ರ ಗ್ಯಾಸ್ ಬಂತಂದ್ರ ಬಂತ, ತಡ್ಯಾಕ ಆಗಂಗಿಲ್ಲ. ತೆಳ್ಳಗ ಆದ ದಿನ ಸಂಡಾಸಕ್ಕ ಹೋಗೂದ್ರಾಗ ಒಂದೀಟು ಆಗೇ ಬಿಡ್ತೈತಿ. ತೊಟ್ಟಲಕ್ಕ ಹಾಕೂ ದಿನ ಮನಿ ತುಂಬ ಬೀಗರು, ನಾ ಒಳಗಿನ ಖೋಲಿ ಬಿಟ್ಟು ಹೊರಗ ಬರಲಿಲ್ಲ. ನಮ್ಮವ್ವ ‘ಬಾಣಂತಿ ಮೈ ಹಸಿ ಇರ್ತೈತಿ, ತಾನ ಬಿಗಿ ಆಗ್ತೈತಿ, ನೀರ ಕಡಿಮಿ ಕುಡಿ’ ಅಂತಾಳ.

ಊರಾಗ ಹೊಟ್ಟಿ ಸ್ಕ್ಯಾನ್ ಮಾಡ್ಸಿದ್ವಿ, ಎಲ್ಲಾ ನಾರ್ಮಲ್ ಅಂತ ಬಂತು. ಈಗ ಬಾಗಲಕೋಟಿ ಡಾಕ್ಟರ್ ‘ಎಂಡೋಆನಲ್ ಅಲ್ಟ್ರಾಸೌಂಡ್’ ಅಂತ ಚೀಟಿ ಕೊಟ್ಟಾರ. ಹೊಟ್ಟಿ ಸ್ಕ್ಯಾನ್ ನಾರ್ಮಲ್ ಬಂದಮ್ಯಾಲ ಇದು ಮತ್ತ ಯಾಕ? ಭಾಳ ಬ್ಯಾನಿ ಆಗ್ತೈತೇನು?

ರೊಟ್ಟಿ ಬುತ್ತಿ

ಇದೆಲ್ಲಾ ಬಾಣಂತ್ಯಾರಿಗೆ ಆಗೂದ. ವರ್ಷ ತುಂಬೂದ್ರಾಗ ಸರಿ ಹೋಗ್ತೈತಿ. ಸ್ಕ್ಯಾನ್ ಅಂದ್ರ ರೊಕ್ಕ ಕೀಳೂ ದಂಧೆ.

ಲೇಬರ್ ವಾರ್ಡ್ ಸಿಸ್ಟರ್, ಬೆಳಗಾವಿ

ರೊಟ್ಟಿ ಬುತ್ತಿ ಅವರ, ಎಲ್ಲಾರಿಗೂ ಆಗಂಗಿಲ್ಲ. ಮೂರನೇ ದರ್ಜೆ ಹರಿತ ಅಂತ ಕಾರ್ಡಿನ್ಯಾಗ ಬರದೈತಿ, ಅದನ್ನ ಓದ್ರಿ ಮೊದಲ.

ತಂಗಿ, ನಿನ್ನ ಕಾರ್ಡು ಓದೂದು ಹಿಂಗ. ಒಂದನೇ ದರ್ಜೆ ಅಂದ್ರ ಬರೇ ಚರ್ಮ. ಎರಡಂದ್ರ ಚರ್ಮದ ಕೆಳಗಿನ ಸ್ನಾಯು, ಆದ್ರ ಗುದದ ಬಿಗಿ ಸ್ನಾಯು ಹರಿದಿಲ್ಲ. ಮೂರಂದ್ರ ಆ ಬಿಗಿ ಸ್ನಾಯುನೇ ಹರಿದೈತಿ. ಅದರಾಗ ಎರಡು ಉಂಗುರ ಇರ್ತಾವು, ಹೊರಗಿನದೊಂದು, ಒಳಗಿನದೊಂದು. ಹೊರಗಿನದು ಅರ್ಧಕ್ಕಿಂತ ಕಡಿಮಿ ಹರಿದ್ರ 3ಎ, ಅರ್ಧಕ್ಕಿಂತ ಹೆಚ್ಚಾದ್ರ 3ಬಿ, ಒಳಗಿನದೂ ಹರಿದ್ರ 3ಸಿ. ನಾಲ್ಕಂದ್ರ ಗುದದ ಒಳಪದರ ಸುದ್ದಾ ಸೀಳೈತಿ. ನಿನ್ನದು 3ಬಿ. ನೋಡಿ, ಗುರುತ ಹಿಡದು, ಥೇಟರಿಗೆ ಒಯ್ದು ಹೊಲದಾರ, ಬರದೂ ಇಟ್ಟಾರ. ಅಷ್ಟು ಮಾಡಿದ್ರ ಅರ್ಧ ಕೆಲಸ ಆದಂಗ. ಎಷ್ಟೋ ಕಾರ್ಡಿನ್ಯಾಗ ‘ಎಪಿಸಿಯೋಟಮಿ’ (ಹೆರಿಗಿ ದಾರಿ ಕೊಯ್ದದ್ದು) ಅಂತ ಒಂದ ಶಬ್ದ ಇರ್ತೈತಿ, ಮುಂದ ಏನೂ ಇರಂಗಿಲ್ಲ.

ಒಂದು ಖುಲ್ಲಾ ಕೇಳ್ತೀನಿ, ಬ್ಯಾಸರ ಆಗಬ್ಯಾಡ. ಗ್ಯಾಸ್ ಹಿಂದಿನ ದಾರೀಲೇ ಬರ್ತೈತೋ, ಮುಂದಿನ ದಾರೀಲೂ ಬರ್ತೈತೋ? ಮುಂದಿನ ದಾರೀಲೆ ಗ್ಯಾಸ್ ಆಗಲಿ, ಮಲ ಆಗಲಿ ಬಂದ್ರ ಅದು ಫಿಸ್ಟುಲಾ, ಅಂದ್ರ ಎರಡೂ ದಾರಿ ನಡುವ ಬಿದ್ದ ತೂತು, ಇರಬಹುದು. ಅದರ ತಪಾಸಣಿ ಬ್ಯಾರೆ, ಔಷಧೋಪಚಾರನೂ ಬ್ಯಾರೆ, ತಡಾ ಮಾಡಬಾರದು.

ಜಮಖಂಡಿ ಸೊಸಿ

ಹಿಂದಿನ ದಾರೀಲೇ ಅಕ್ಕಾ. ಮುಂದ ಏನೂ ಇಲ್ಲ.

ಎಕ್ಸ್‌ರೇ ಖೋಲಿ, ವಿಜಯಪುರ

ರೇಡಿಯಾಲಜಿ ಓದ್ಲಿಕತ್ತೀನಿ. ಸ್ಕ್ಯಾನ್ ವಿಚಾರ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಹೊಟ್ಟೆ ಮೇಲೆ ಇಡೋ ಪ್ರೋಬ್ ಗರ್ಭಕೋಶ, ಮೂತ್ರಪಿಂಡ, ಅಂಡಾಶಯ ನೋಡ್ಲಿಕ್ಕೆ. ಗುದದ ಸ್ನಾಯು ಅಲ್ಲಿಂದ ಕಾಣೂದಿಲ್ಲ, ಶ್ರೋಣಿಯ ತಳದಾಗ ಕುಂತದ. ಹಂಗಾಗಿ ‘ನಾರ್ಮಲ್’ ಅಂತ ಬಂದದ್ದು ಸುಳ್ಳಲ್ಲ, ಆದ್ರ ಆ ಸ್ಕ್ಯಾನಿಗೆ ನಿಮ್ಮ ಪ್ರಶ್ನೆನೇ ಯಾರೂ ಕೇಳಿಲ್ಲ.

ಎಂಡೋಆನಲ್ ಸ್ಕ್ಯಾನಿನ್ಯಾಗ ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಉದ್ದನ ಪ್ರೋಬ್, ಅದಕ್ಕ ಕಾಂಡೋಮ್ ಹಾಕಿ, ಜೆಲ್ ಹಚ್ಚಿ, ಗುದದೊಳಗ ಕೆಲವು ಸೆಂಟಿಮೀಟರ್ ಇಡ್ತಾರ. ಪ್ರೋಬಿನ ತುದಿ ಒಳಗ 360 ಡಿಗ್ರಿ ಸುತ್ತತದ. ಪರದೆ ಮೇಲೆ ದುಂಡನ ಚಿತ್ರ ಬರ್ತದ, ಒಂದರ ಹೊರಗ ಒಂದು ಉಂಗುರ. ನಟ್ಟ ನಡುವ ಒಳಪದರ. ಅದರ ಸುತ್ತ ಕಪ್ಪು ಉಂಗುರ, ಅದು ಒಳಗಿನ ಸ್ನಾಯು, 2–3 ಮಿಲಿಮೀಟರ್ ದಪ್ಪ. ಅದರ ಹೊರಗ ಬಿಳಿ-ಬೂದು ಮಿಶ್ರ ಅಗಲ ಉಂಗುರ, ಅದು ಹೊರಗಿನ ಸ್ನಾಯು. ಮೇಲಿನ ಮಟ್ಟಕ್ಕ ಹೋದ್ರ ಉಂಗುರ ಹೋಗಿ ಇಂಗ್ಲಿಷ್ ‘ಯು’ ಆಕಾರದ ಪ್ಯೂಬೊರೆಕ್ಟಾಲಿಸ್ ಸ್ನಾಯು ಕಾಣ್ತದ. ಮೇಲೆ, ನಡುವ, ಕೆಳಗ ಅಂತ ಮೂರೂ ಮಟ್ಟ ನೋಡಿ ಬರೀಬೇಕು.

ಜಾಗ ಹೇಳೂದು ಗಡಿಯಾರದ ಲೆಕ್ಕದಾಗ. 12 ಅಂದ್ರ ಮುಂದ, ಯೋನಿ ಕಡೆ. 6 ಅಂದ್ರ ಬೆನ್ನ ಕಡೆ. ಹೆರಿಗೆ ಹರಿತ ಸಾಮಾನ್ಯವಾಗಿ 10ರಿಂದ 2ರ ನಡುವ ಇರ್ತದ, ಯಾಕಂದ್ರ ಕೂಸಿನ ತಲಿ ಒತ್ತೂದು ಅದೇ ಕಡೆ.

ಯಾವ ಸ್ನಾಯು ಅನ್ನೂದಕ್ಕ ಭಾಳ ಕಿಮ್ಮತ್ತು ಅದ. ಒಳಗಿನ ಸ್ನಾಯು ನಮ್ಮ ಮಾತು ಕೇಳೂದಿಲ್ಲ, ಹಗಲು-ರಾತ್ರಿ ತಾನೇ ಬಿಗಿ ಹಿಡಿದಿರ್ತದ, ವಿಶ್ರಾಂತಿ ಹೊತ್ತಿನ ಬಿಗಿಯೊಳಗ ಹೆಚ್ಚಿನ ಪಾಲು ಅದರದೇ. ಅದು ಹರಿದ್ರ ಗೊತ್ತಾಗದಂಗ ಸೋರ್ತದ. ಹೊರಗಿನದು ನಾವು ಬೇಕಂತ ಬಿಗಿ ಹಿಡಿಯೂದು. ಅದು ಹರಿದ್ರ ‘ಬಂತು’ ಅನ್ನೂದು ಗೊತ್ತಾಗ್ತದ, ಆದ್ರ ಸಂಡಾಸ ಮುಟ್ಟೂತನಕ ತಡೀಲಿಕ್ಕೆ ಆಗೂದಿಲ್ಲ. ನೀವು ಬರ್ದದ್ದು ಓದಿದ್ರ ಎರಡನೇದು ಅನಸ್ತದ. ಸ್ಕ್ಯಾನ್ ಮಾಡೂದು ಇದನ್ನ ಊಹಿ ಬಿಟ್ಟು ಕಣ್ಣಿಲೆ ನೋಡ್ಲಿಕ್ಕೆ.

ಬ್ಯಾನಿ ಬಗ್ಗೆ: ಒತ್ತಿದಂಗ ಆಗ್ತದ, ಸಂಡಾಸಕ್ಕ ಬಂದಂಗ ಅನಸ್ತದ. ಅರವಳಿಕೆ ಬೇಕಾಗೂದಿಲ್ಲ, ಹತ್ತು ನಿಮಿಷದ ಕೆಲಸ. ಎಕ್ಸ್‌ರೇ ಕಿರಣ ಇಲ್ಲ, ಹಾಲು ಕುಡಿಸ್ಲಿಕ್ಕೆ ಏನೂ ಅಡ್ಡಿ ಇಲ್ಲ. ಇದಕ್ಕಿಂತ ಮೊದಲು ಏನು ಮಾಡ್ತಿದ್ರು ಗೊತ್ತೇನು? ಸ್ನಾಯುವಿಗೆ ಸುತ್ತಲೂ ಸೂಜಿ ಚುಚ್ಚಿ, ಎಲ್ಲಿ ವಿದ್ಯುತ್ ಸಂಕೇತ ಬರ್ತದ, ಎಲ್ಲಿ ಬರೂದಿಲ್ಲ ಅಂತ ನಕಾಶೆ ತಗೀತಿದ್ರು. 1989ರಾಗ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಲಾ ಮತ್ತು ಬಾರ್ಟ್ರಮ್ ಗುದದ ಅಲ್ಟ್ರಾಸೌಂಡ್ ಚಿತ್ರ ವಿವರಿಸಿದ ಮೇಲೆ ಆ ಸೂಜಿ ಕಾಟ ನಿಂತು ಹೋಯ್ತು.

ಜಮಖಂಡಿ ಸೊಸಿ

ಹತ್ತ ನಿಮಿಷ ಅಂದ್ರ ನಡೀತೈತಿ. ಮಾಡಾವ್ರು ಗಂಡಸರು ಇರ್ತಾರೇನು?

ಲೇಬರ್ ವಾರ್ಡ್ ಸಿಸ್ಟರ್, ಬೆಳಗಾವಿ

ಇರಬಹುದು. ಹೆಣ್ಣು ಡಾಕ್ಟರ್ ಬೇಕಂತ ಅಪಾಯಿಂಟ್‌ಮೆಂಟ್ ತಗೊಳ್ಳೂ ಮುಂದನ ಹೇಳು. ಇಲ್ಲಾ ಒಬ್ಬ ಸಿಸ್ಟರ್ ಒಳಗ ನಿಂದರಬೇಕು ಅನ್ನು, ಅದು ನಿನ್ನ ಹಕ್ಕು. ಅವ್ವನ್ನ ಕರ್ಕೊಂಡು ಹೋಗು, ‘ತಾನ ಬಿಗಿ ಆಗ್ತೈತಿ’ ಅನ್ನೂದು ಅಲ್ಲೇ ಮುಗೀತೈತಿ.

ಮುಧೋಳ ಅಣ್ಣ

ನಮ್ಮ ಕಡೆ ಇಂಥಾ ಸ್ಕ್ಯಾನ್ ಎಲ್ಲೈತಿ? ಮಂದಿ ಮಿರಜಿಗೆ ಹೋಗ್ರಿ ಅಂತಾರ. ಮಿರಜಿಗೆ ಹೋಗಾಕ ಬ್ಯಾಸರಿಲ್ಲ, ನಮ್ಮಜ್ಜನ ಕಾಲದಿಂದ ಹೋಗ್ತೀವಿ, ಆದ್ರ ಸಣ್ಣ ಕೂಸು.

ಪ್ರಸೂತಿ ವೈದ್ಯೆ, ಬೆಳಗಾವಿ

ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್ಇ, ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನದು, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್ ಅಮೀನ್. ಬಸ್ ಹತ್ತುವ ಮೊದಲು ರೇಡಿಯಾಲಜಿ ವಿಭಾಗಕ್ಕೆ ಫೋನ್ ಮಾಡಿ. ಕೇಳುವಾಗ ‘ಕೆಳಗಿನ ಸ್ಕ್ಯಾನ್’ ಅನ್ನಬೇಡಿ, ಯೋನಿಯೊಳಗಿನ ಸ್ಕ್ಯಾನ್ ಬರೆದುಕೊಂಡುಬಿಡುತ್ತಾರೆ. ‘ಗುದದ ಸ್ಫಿಂಕ್ಟರ್ (ಬಿಗಿ ಸ್ನಾಯು) ನೋಡಲು ಎಂಡೋಆನಲ್ ಅಥವಾ ಟ್ರಾನ್ಸ್‌ಪೆರಿನಿಯಲ್ ಅಲ್ಟ್ರಾಸೌಂಡ್ ಮಾಡುತ್ತೀರಾ’ ಎಂದು ಕೇಳಿ. ಕರುಳು-ಗುದದ ಶಸ್ತ್ರಚಿಕಿತ್ಸಕರ ಹತ್ತಿರವೂ ಈ ಪ್ರೋಬ್ ಇರಬಹುದು, ಫಿಸ್ಟುಲಾ ನೋಡಲು ಅವರೂ ಬಳಸುತ್ತಾರೆ.

ಎಂಡೋಆನಲ್ ಪ್ರೋಬ್ ಇಲ್ಲವೆಂದರೆ ದಾರಿ ಮುಚ್ಚಿತು ಎಂದಲ್ಲ. ಗರ್ಭಿಣಿಯರಿಗೆ ಬಳಸುವ ಬಾಗಿದ ಪ್ರೋಬನ್ನೇ ಯೋನಿಯ ಕೆಳ ಅಂಚಿನ ಚರ್ಮದ ಮೇಲೆ ಅಡ್ಡವಾಗಿ ಇಟ್ಟು ಗುದದ ಉಂಗುರಗಳನ್ನು ನೋಡಬಹುದು. ಒಳಗೆ ಏನೂ ಹಾಕುವುದಿಲ್ಲ, ಇದೇ ಟ್ರಾನ್ಸ್‌ಪೆರಿನಿಯಲ್ ಸ್ಕ್ಯಾನ್. 3ಡಿ ಸೌಲಭ್ಯವಿದ್ದರೆ ಸ್ನಾಯುವಿನ ಉದ್ದಕ್ಕೂ ಪದರ ಪದರವಾಗಿ ಕತ್ತರಿಸಿದಂತೆ ಚಿತ್ರ ತೆಗೆಯುತ್ತಾರೆ. ರೋಗಿ ಬಿಗಿ ಹಿಡಿದಾಗ ತೆಗೆದ ಆರು ಪದರಗಳಲ್ಲಿ ಕನಿಷ್ಠ ನಾಲ್ಕರಲ್ಲಿ 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿರುಕು ಕಂಡರೆ ಅದು ಲೆಕ್ಕಕ್ಕೆ ಬರುವ ದೋಷ. ಶ್ರೋಣಿಯ ತಳದ ಲಿವೇಟರ್ ಸ್ನಾಯು ಎಲುಬಿನಿಂದ ಕಿತ್ತಿದೆಯೇ ಎಂಬುದೂ ಅದೇ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಚಿಮಟಾ ಹೆರಿಗೆಯಾದವರಲ್ಲಿ ಇದನ್ನು ನೋಡಲೇಬೇಕು. ನನ್ನನ್ನು ಕೇಳಿದರೆ ಬಾಣಂತಿಗೆ ಮೊದಲು ಇದನ್ನೇ ಮಾಡಿಸಿ ಎನ್ನುತ್ತೇನೆ.

ಎಕ್ಸ್‌ರೇ ಖೋಲಿ, ವಿಜಯಪುರ

ಮೇಡಂ, ಇಲ್ಲಿ ನಾನು ಒಪ್ಪೂದಿಲ್ಲ. ಚರ್ಮದ ಮೇಲಿಂದ ನೋಡೂದಕ್ಕ ಕೈ ಪಳಗಿರಬೇಕು. ಪ್ರೋಬ್ ಸ್ವಲ್ಪ ವಾರೆ ಆದ್ರೂ ಉಂಗುರ ಕೋಳಿಮೊಟ್ಟೆಯಾಕಾರ ಆಗಿ ಒಂದು ಕಡೆ ಇಲ್ಲದ ಬಿರುಕು ಕಾಣ್ತದ. ಹೆಚ್ಚು ಅಭ್ಯಾಸ ನಡೆದದ್ದು, ಹೋಲಿಸಿ ನೋಡಲಿಕ್ಕೆ ಅಳತೆ ಇರೂದು ಎಂಡೋಆನಲ್‌ದ್ದೇ.

ಪ್ರಸೂತಿ ವೈದ್ಯೆ, ಬೆಳಗಾವಿ

ಎಂಡೋಆನಲ್‌ನಲ್ಲೂ ಬಲೆಗಳಿವೆ ಅಲ್ಲವೇ? ಹೆಂಗಸರಲ್ಲಿ ಹೊರಗಿನ ಸ್ನಾಯು ಮುಂಭಾಗದಲ್ಲಿ ಗಿಡ್ಡ. ಮೇಲಿನ ಮಟ್ಟದಲ್ಲಿ 12 ಗಂಟೆಯ ಜಾಗದಲ್ಲಿ ಅದು ಸಹಜವಾಗಿಯೇ ಇರುವುದಿಲ್ಲ. ಆ ಒಂದೇ ಚಿತ್ರ ಹಿಡಿದು ‘ಸ್ಫಿಂಕ್ಟರ್ ಹರಿದಿದೆ’ ಎಂದು ಬರೆದ ರಿಪೋರ್ಟುಗಳನ್ನು ನೋಡಿದ್ದೇನೆ. ಹರಿಯದೇ ಇದ್ದವಳಿಗೆ ಹರಿದಿದೆ ಎಂದರೆ ಮುಂದಿನ ಹೆರಿಗೆಗೆ ಸುಮ್ಮನೆ ಸಿಸೇರಿಯನ್.

ಇನ್ನೊಂದು. ಪ್ರೋಬ್ ಒಳಗೆ ಹೋದರೆ ಉಂಗುರ ಹಿಗ್ಗುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಗುದ ಹೇಗಿದೆ ಎಂಬುದು ಹೊರಗಿನಿಂದ ನೋಡಿದರೇ ಕಾಣುವುದು.

ಎಕ್ಸ್‌ರೇ ಖೋಲಿ, ವಿಜಯಪುರ

ಆ ಬಲೆ ಖರೇ. ಅದಕ್ಕೇ ಮೂರು ಮಟ್ಟ ಬರೀಬೇಕು ಅಂದದ್ದು. ನಮ್ಮ ವಿಭಾಗದಾಗ ಪ್ರೋಬ್ ಹಿಡಿಯೂ ಮೊದಲ ಕಲಿಸೂದೇ ಇದನ್ನ. ಒಟ್ಟಿನ ಮಾತು, ಯಾವುದು ಸಿಗ್ತದೋ, ಯಾರ ಕೈ ಪಳಗಿದೆಯೋ ಅದನ್ನ ಮಾಡಿಸ್ರಿ ಅನ್ನೂದಕ್ಕ ಇಬ್ಬರೂ ಒಪ್ಪಿದಂಗಾಯ್ತು.

ನಿವೃತ್ತ ಟೀಚರ್, ಬೈಲಹೊಂಗಲ

ಓದಿ ಸುಮ್ಮನಿರೋಣ ಅಂದುಕೊಂಡಿದ್ದೆ, ಆಗಲಿಲ್ಲ. ನನಗ ಎರಡೂ ಹೆರಿಗಿ ತವರುಮನ್ಯಾಗ, ಸೂಲಗಿತ್ತಿ ಕೈಯಾಗ. ಮೊದಲನೇದ್ರಾಗ ಹರಿದಿತ್ತು. ಹೊಲಿಗಿ ಅನ್ನೂದು ಇರಲೇ ಇಲ್ಲ, ಕಾಲು ಜೋಡಿಸಿ ಮಲಗಿಸಿದ್ರು, ಶೇಕ ಕೊಟ್ರು. ಹರೇದಾಗ ಏನೂ ತ್ರಾಸ ಅನಸಲಿಲ್ಲ. ಐವತ್ತು ದಾಟಿ ಮುಟ್ಟು ನಿಂತಮ್ಯಾಲ ಶುರು ಆತು. ಮೊದಲ ಗ್ಯಾಸ್, ಆಮ್ಯಾಲ ಸೀರಿ ಕಲೆ. ಸಾಲ್ಯಾಗ ಪ್ರಾರ್ಥನಾ ಹೊತ್ತಿನ್ಯಾಗ ಹಿಂದಿನ ಸಾಲಿನ್ಯಾಗ ಹೋಗಿ ನಿಂದರತಿದ್ದೆ. ಎಲ್ಲಮ್ಮನ ಗುಡ್ಡಕ್ಕ ಹುಣ್ಣಿವಿಗೆ ಹೋಗೂದು ಬಿಟ್ಟೆ, ಅಷ್ಟು ಮಂದ್ಯಾಗ ಸಂಡಾಸ ಎಲ್ಲಿ ಹುಡುಕೂದು? ಊರಿಗೆ ಹೋಗೂದಿದ್ರ ಹಿಂದಿನ ರಾತ್ರಿಯಿಂದ ಉಪಾಸ.

ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಕ್ಕರಿ ಕಾಯಿಲೆಗೆ ತೋರಿಸಾಕ ಹೋದಾಗ ಒಬ್ಬ ಹುಡುಗಿ ಡಾಕ್ಟರ್ ತಾನಾಗೇ ಕೇಳಿದ್ಲು. ಸ್ಕ್ಯಾನಿನ್ಯಾಗ ಮುಂದ ಹೊರಗಿನ ಸ್ನಾಯು ಇಷ್ಟಗಲ ಇಲ್ಲೇ ಇಲ್ಲ. ಮಗ ಹುಟ್ಟಿದಾಗಿನ ಹರಿತ, ಮಗನಿಗೇ ಈಗ ಮಕ್ಕಳದಾವು.

ರೊಟ್ಟಿ ಬುತ್ತಿ ಅವರಿಗೆ ಇಷ್ಟ ಹೇಳ್ತೀನಿ. ವರ್ಷದಾಗ ಕೆಲವರಿಗೆ ಕಡಿಮಿ ಆಗ್ತೈತಿ, ಖರೇ. ಕಡಿಮಿ ಆದದ್ದು ಮತ್ತ ಬರ್ತೈತಿ, ಅದೂ ಖರೇ.

ರೊಟ್ಟಿ ಬುತ್ತಿ

ತಿಳೀತ್ರಿ ಟೀಚರ್. ನಮ್ಮ ಅತ್ತಿನೂ ಬಸ್ಸಿನ್ಯಾಗ ಹೋಗೂ ದಿನ ಉಣ್ಣಂಗಿಲ್ಲ. ವಾಂತಿಗೆ ಅಂಜಿ ಅಂತ ತಿಳಕೊಂಡಿದ್ವಿ. ಕೇಳ್ತೀನಿ.

ಲೆಕ್ಕದ ಮೇಷ್ಟ್ರು

ಒಂದು ಕಡೆ ‘ಹಡೆದವರಲ್ಲಿ ಮೂರರಲ್ಲಿ ಒಬ್ಬರಿಗೆ ಸ್ಫಿಂಕ್ಟರ್ ಹರಿಯುತ್ತದೆ’ ಎಂದು ಓದಿದೆ. ಇಷ್ಟು ದೊಡ್ಡ ಸಂಖ್ಯೆ ನಿಜವಾದರೆ ಎಲ್ಲ ಬಾಣಂತಿಯರಿಗೂ ಸ್ಕ್ಯಾನ್ ಮಾಡಬೇಕಲ್ಲವೇ?

ಪ್ರಸೂತಿ ವೈದ್ಯೆ, ಬೆಳಗಾವಿ

ಆ ಅಂಕಿ ಬಂದದ್ದು 1993ರಲ್ಲಿ. ಲಂಡನ್ನಿನ ಅಬ್ದುಲ್ ಸುಲ್ತಾನ್ ಮತ್ತು ಸಂಗಡಿಗರು ಹೆರಿಗೆಗೆ ಮೊದಲು ಮತ್ತು ನಂತರ ಎಂಡೋಆನಲ್ ಸ್ಕ್ಯಾನ್ ಮಾಡಿ ನೋಡಿದರು. ಮೊದಲ ಬಾರಿ ಯೋನಿ ಮೂಲಕ ಹೆತ್ತ 79 ಜನರಲ್ಲಿ 28 ಮಂದಿಗೆ, ಅಂದರೆ ಶೇ. 35ರಷ್ಟು ಜನಕ್ಕೆ ದೋಷ ಕಂಡಿತು. ಚಿಮಟಾ ಬಳಸಿದ 10 ಮಂದಿಯಲ್ಲಿ 8 ಜನಕ್ಕೆ ಇತ್ತು. ಸಿಸೇರಿಯನ್ ಆದ 23 ಜನರಲ್ಲಿ ಹೊಸ ದೋಷ ಒಬ್ಬರಿಗೂ ಇರಲಿಲ್ಲ. ಆದರೆ ಮೊದಲ ಹೆರಿಗೆಯವರಲ್ಲಿ ಆರು ವಾರಕ್ಕೆ ಸೋರುವಿಕೆ ಅಥವಾ ತಡೆಯಲಾಗದ ಅವಸರ ಇದ್ದದ್ದು ಶೇ. 13ರಷ್ಟು ಜನಕ್ಕೆ ಮಾತ್ರ. ಚಿತ್ರದಲ್ಲಿ ಬಿರುಕಿದ್ದವರಿಗೆಲ್ಲ ತೊಂದರೆ ಇರಲಿಲ್ಲ. ಹಾಗಾಗಿ ಅಂಕಿ ಹೇಳುವವರು ಎರಡನ್ನೂ ಹೇಳಬೇಕು.

ಆಗ ಎಲ್ಲರೂ ಅವನ್ನು ‘ಕಣ್ಣಿಗೆ ಕಾಣದ ಗಾಯ’ ಎಂದರು. 2006ರಲ್ಲಿ ಅದೇ ಸುಲ್ತಾನ್ ಇದ್ದ ತಂಡ ಇನ್ನೊಂದು ಕೆಲಸ ಮಾಡಿತು. ಹೆರಿಗೆ ಮಾಡಿಸಿದವರು ನೋಡಿದ ಮೇಲೆ, ಹೊಲಿಗೆ ಹಾಕುವ ಮೊದಲು, ತರಬೇತಾದ ವೈದ್ಯರು ಗುದದಲ್ಲಿ ಬೆರಳಿಟ್ಟು ಮತ್ತೊಮ್ಮೆ ಪರೀಕ್ಷಿಸಿದರು. ಮೊದಲು ಶೇ. 11 ಇದ್ದ ಸ್ಫಿಂಕ್ಟರ್ ಗಾಯ ಸುಮಾರು ಶೇ. 25ಕ್ಕೆ ಏರಿತು. ಸ್ಕ್ಯಾನ್ ಮಾತ್ರ ಕಂಡುಹಿಡಿದದ್ದು ಬೆರಳೆಣಿಕೆಯಷ್ಟು. ಅಂದರೆ ಹೆಚ್ಚಿನವು ಕಾಣದ ಗಾಯಗಳಲ್ಲ, ನೋಡದ ಗಾಯಗಳು.

ಆದ್ದರಿಂದ ಎಲ್ಲರಿಗೂ ಸ್ಕ್ಯಾನ್ ಬೇಡ ಮೇಷ್ಟ್ರೇ. ಹೆರಿಗೆ ಆದ ತಕ್ಷಣ, ಹೊಲಿಗೆಗೆ ಮುಂಚೆ, ಒಳ್ಳೆ ಬೆಳಕಲ್ಲಿ, ಪ್ರತಿಯೊಬ್ಬಳ ಗುದದಲ್ಲೂ ಬೆರಳಿಟ್ಟು ನೋಡಬೇಕು. ಹೊಲಿದ ಮೇಲೆ ಇನ್ನೊಮ್ಮೆ, ದಾರ ಒಳಪದರ ದಾಟಿಲ್ಲವಷ್ಟೇ ಎಂದು. ಒಂದು ಗ್ಲೌಸಿನ ಖರ್ಚು. ಸ್ಕ್ಯಾನ್ ಬೇಕಾದದ್ದು 3 ಮತ್ತು 4ನೇ ದರ್ಜೆಯವರಿಗೆ, ತೊಂದರೆ ಇದೆ ಎನ್ನುವವರಿಗೆ, ಮತ್ತು ಅಂಥವರು ಮುಂದಿನ ಹೆರಿಗೆ ಹೇಗೆಂದು ತೀರ್ಮಾನಿಸುವಾಗ.

ವಿಷಯ ಬಂತೆಂದು ಹೇಳುತ್ತೇನೆ. ಅದೇ 2006ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಅಧ್ಯಯನವೊಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 1620 ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ಹೆರಿಗೆ ಮಾಡಿಸಿದ ಎಎನ್ಎಂಗಳೇ (ಹಳ್ಳಿಯ ಸಿಸ್ಟರ್‌ಗಳೇ) ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು, ಅವರಲ್ಲಿ ಹೆರಿಗೆ ನಂತರದ ಅತಿ ರಕ್ತಸ್ರಾವ ಸುಮಾರು ಅರ್ಧಕ್ಕೆ ಇಳಿಯಿತು. ಜಗತ್ತೇ ಅದನ್ನು ಓದಿತು. ಹಳ್ಳಿಯ ಸಿಸ್ಟರ್ ಕೈಯಲ್ಲಿ ಏನೂ ಆಗುವುದಿಲ್ಲ ಎನ್ನುವವರಿಗೆ ಆ ಜಿಲ್ಲೆಯಲ್ಲೇ ಉತ್ತರವಿದೆ. ಆದರೆ ಬಾಣಂತಿ ಮನೆಗೆ ಹೋದಾಗ ಕೇಳುವ ಪ್ರಶ್ನೆಗಳು ಇಂದಿಗೂ ರಕ್ತ, ಜ್ವರ, ಎದೆಹಾಲು. ‘ಗ್ಯಾಸ್ ತಡೆಯಲು ಆಗುತ್ತದೆಯೇ’ ಎಂಬ ಪ್ರಶ್ನೆ ಆ ಪಟ್ಟಿಗೆ ಸೇರಲಿಲ್ಲ.

ಲೇಬರ್ ವಾರ್ಡ್ ಸಿಸ್ಟರ್, ಬೆಳಗಾವಿ

ಮೇಡಂ ಹೇಳಿದ್ದು ಖರೇ, ಆದ್ರ ರಾತ್ರಿ ಪಾಳಿಯೊಳಗ ಮೂರು ಟೇಬಲ್ ತುಂಬಿ, ನಾಲ್ಕನೇದಾಕಿ ಬಾಗಿಲಾಗ ನಿಂತಿದ್ರ ಬೆಳಕೂ ಇಲ್ಲ, ಹೊತ್ತೂ ಇಲ್ಲ. ಅದನ್ನೂ ಬರೀರಿ. ನಮ್ಮ ಕೈಲೆ ಆಗೂದು ಅಂದ್ರ ಕೂಸಿನ ತಲಿ ಬರೂ ಮುಂದ ಬಿಸಿನೀರಿನ ಅರಿವಿ ಒತ್ತೂದು, ಕೈ ಆಸರ ಕೊಟ್ಟು ಸಾವಕಾಶ ತಗಿಯೂದು, ಕೊಯ್ಯಲೇಬೇಕಾದ್ರ ನಟ್ಟ ನಡುವ ಕೊಯ್ಯದ 60 ಡಿಗ್ರಿ ವಾರೆ ಕೊಯ್ಯೂದು.

ಸಿಟ್ಟಿನ ಗಂಡ

ನನ್ನ ಹೆಂಡತೀದೂ ಇದೇ ಕಥಿ. ಚಿಮಟಾ ಹಾಕಿದ ಆಸ್ಪತ್ರಿ ಮ್ಯಾಲ ಕೇಸ್ ಹಾಕಬಹುದೇನು? ಆಸ್ಪತ್ರಿ ಹೆಸರು \[ತೆಗೆಯಲಾಗಿದೆ\]

ನಿರ್ವಾಹಕಿ

ಹೆಸರು ತೆಗೆದಿದ್ದೇನೆ. ಇಲ್ಲಿ ಆಸ್ಪತ್ರೆ, ವೈದ್ಯರ ಹೆಸರು ಹಾಕಿ ದೂರುವಂತಿಲ್ಲ. ಕೇಸಿನ ಮಾತಿಗೆ ಬೇರೆ ಎಳೆ ತೆರೆಯಿರಿ.

ಪ್ರಸೂತಿ ವೈದ್ಯೆ, ಬೆಳಗಾವಿ

ಒಂದೇ ಸಾಲು: ಹರಿದದ್ದೇ ತಪ್ಪಲ್ಲ, ಕೂಸಿನ ಜೀವ ಉಳಿಸಲು ಚಿಮಟಾ ಬೇಕಾಗುತ್ತದೆ. ಹರಿದದ್ದನ್ನು ನೋಡಿದರೇ, ಸರಿಯಾಗಿ ಹೊಲಿದರೇ, ಬರೆದರೇ ಎಂಬುದನ್ನು ಮೊದಲು ಕೇಸ್‌ಶೀಟ್‌ನಲ್ಲಿ ನೋಡಿ. ಹೆಂಡತಿಗೆ ಮೊದಲು ಚಿಕಿತ್ಸೆ ಆಗಲಿ.

ಫಿಜಿಯೋ, ಬಾಗಲಕೋಟೆ

ಸ್ಕ್ಯಾನಿನ ಮಾತೇ ನಡೆದಿದೆ, ನನ್ನದೂ ಸ್ವಲ್ಪ ಕೇಳಿ. ಸ್ಕ್ಯಾನ್ ಸ್ನಾಯು ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟು ಬಲ ಇದೆ ಹೇಳುವುದಿಲ್ಲ. ಬಲ ಅಳೆಯುವುದು ಮ್ಯಾನೊಮೆಟ್ರಿ. ಸ್ನಾಯು ಪೂರ್ತಿ ಇದ್ದು ನರ ಎಳೆದು ಸೋತಿದ್ದರೂ ಸೋರುತ್ತದೆ.

ಸ್ಕ್ಯಾನಿಗೆ ಹೋಗುವ ಮೊದಲು ನಿಮ್ಮ ತೊಂದರೆಗೆ ಅಂಕ ಹಾಕಿಕೊಳ್ಳಿ. ವೆಕ್ಸ್‌ನರ್ ಸ್ಕೋರ್ ಅಂತ ಇದೆ. ಗಟ್ಟಿ ಮಲ, ತೆಳು ಮಲ, ಗ್ಯಾಸ್, ಪ್ಯಾಡ್ ಬಳಕೆ, ದಿನದ ಬದುಕಿಗೆ ಅಡ್ಡಿ, ಈ ಐದಕ್ಕೂ 0ರಿಂದ 4. ಎಂದೂ ಇಲ್ಲದಿದ್ದರೆ 0, ತಿಂಗಳಿಗೊಮ್ಮೆಗಿಂತ ಕಡಿಮೆ 1, ವಾರಕ್ಕೊಮ್ಮೆಗಿಂತ ಕಡಿಮೆ 2, ದಿನಕ್ಕೊಮ್ಮೆಗಿಂತ ಕಡಿಮೆ 3, ದಿನಾ ಆದರೆ 4. ಒಟ್ಟು 20. ಈ ಅಂಕ ಇಲ್ಲದಿದ್ದರೆ ಆರು ತಿಂಗಳ ನಂತರ ‘ಸ್ವಲ್ಪ ಪರವಾಗಿಲ್ಲ’ ಎನ್ನುವುದನ್ನು ಯಾವುದಕ್ಕೆ ಹೋಲಿಸುವುದು?

ವ್ಯಾಯಾಮ ಈಗಲೇ ಶುರು ಮಾಡಿ, ರಿಪೋರ್ಟಿಗೆ ಕಾಯಬೇಡಿ. ಮಂದಿಯಲ್ಲಿ ಗ್ಯಾಸ್ ತಡೆಯುವ ಹಾಗೆ ಗುದವನ್ನು ಮೇಲಕ್ಕೆಳೆದು ಬಿಗಿ ಹಿಡಿಯಿರಿ. ಹೊಟ್ಟೆ, ತೊಡೆ, ಕುಂಡಿ ಸಡಿಲ ಇರಲಿ, ಉಸಿರು ಕಟ್ಟಬೇಡಿ. ಹತ್ತು ಎಣಿಸುವಷ್ಟು ಹಿಡಿಯಲು ಬಾರದಿದ್ದರೆ ಮೂರಕ್ಕೆ ಶುರು ಮಾಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೂಸಿಗೆ ಹಾಲು ಕುಡಿಸುವಾಗ ಮಾಡಿದರೆ ಮರೆಯುವುದಿಲ್ಲ.

ಮತ್ತೆ ಆ ನೀರಿನ ಮಾತು! ನಮ್ಮ ಕಡೆ ಬಾಣಂತಿಗೆ ಅಂಟಿನ ಉಂಡಿ, ಕೊಬ್ಬರಿ, ತುಪ್ಪ ಎಲ್ಲಾ ಕೊಡುತ್ತಾರೆ, ನೀರು ಮಾತ್ರ ಲೋಟ ಎಣಿಸಿ. ಮಲ ಕಲ್ಲಾಗುತ್ತದೆ, ತಿಣುಕಿ ತಿಣುಕಿ ಹೊಲಿದ ಸ್ನಾಯು ಜಗ್ಗುತ್ತದೆ. ಅವ್ವನಿಗೆ ಹೇಳಿ, ಬಾಯಾರಿಕೆ ಆದಷ್ಟೂ ಕುಡಿಯಬೇಕು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಇರಲಿ. ಇಸಬ್‌ಗೋಲ್ ಮಲಕ್ಕೆ ಹದ ಕೊಡುತ್ತದೆ, ಡಾಕ್ಟರನ್ನು ಕೇಳಿ ಶುರು ಮಾಡಿ.

ಗೋಳಗುಮ್ಮಟ ಆಪಾ

ನಮಗ ಇನ್ನೊಂದು ತ್ರಾಸ ಅದ. ಗ್ಯಾಸ್ ಹೋದ್ರ ವಜೂ (ನಮಾಜಿಗೆ ಮೊದಲು ಮುಖ-ಕೈಕಾಲು ತೊಳೆಯೂದು) ಮುರೀತದ, ನಮಾಜಿಗೆ ನಿಂತು ನಿಂತು ಮತ್ತ ಮತ್ತ ವಜೂ. ನನ್ನ ನಾದಿನಿ ರೋಜಾದ ತಿಂಗಳಾಗ ಅತ್ತು ಬಿಡ್ತಿದ್ಲು. ಕಾಯಿಲೆಯಿಂದ ತಡೀಲಿಕ್ಕೆ ಆಗದವರಿಗೆ ರಿಯಾಯಿತಿ ಅದ, ಒಂದು ಹೊತ್ತಿನ ನಮಾಜಿಗೆ ಒಂದು ವಜೂ ಸಾಕು ಅಂತ ಮೌಲಾನಾ ಸಾಹೇಬ್ರು ಹೇಳಿದ್ರು. ಆದ್ರ ಅವರನ್ನ ಕೇಳಲಿಕ್ಕೆ ಮೊದಲು ಕಾಯಿಲೆ ಅಂತ ಮನೀ ಮಂದಿ ಒಪ್ಪಬೇಕಲ್ಲ. ಸ್ಕ್ಯಾನ್ ಕಾಗದ ಬಂದ ಮೇಲೆ ಒಪ್ಪಿದ್ರು.

ಜಮಖಂಡಿ ಸೊಸಿ

ಸ್ಕ್ಯಾನ್ ಆತು. ಬ್ಯಾನಿ ಅನ್ನೂದಕ್ಕಿಂತ ಕಸಿವಿಸಿ, ಅಷ್ಟ. ಹೆಣ್ಣು ಡಾಕ್ಟರ್ ಸಿಕ್ರು. ಅವ್ವ ಪರದೆ ನೋಡಿ ‘ಇಷ್ಟು ಹರಿದಿತ್ತೇನು’ ಅಂದ್ಲು, ಬರೂ ಮುಂದ ತಾನ ನೀರಿನ ಬಾಟ್ಲಿ ಕೊಂಡ್ಲು.

ರಿಪೋರ್ಟ್: ‘ಒಳ ಸ್ಫಿಂಕ್ಟರ್ ಎಲ್ಲಾ ಮಟ್ಟದಲ್ಲಿ ಅಖಂಡ. ಹೊರ ಸ್ಫಿಂಕ್ಟರ್ ನಡು ಮಟ್ಟದಲ್ಲಿ 11ರಿಂದ 1ರವರೆಗೆ ದೋಷ, ಗಾಯದ ಗುರುತು. ಪ್ಯೂಬೊರೆಕ್ಟಾಲಿಸ್ ಅಖಂಡ.’ ಆ ಸ್ಕೋರ್ ಲೆಕ್ಕ ಹಾಕಿದೆ: ಗ್ಯಾಸ್ 4, ತೆಳು 2, ಅಡ್ಡಿ 3, ಒಟ್ಟು 9. ಇನ್ನ ಆಪರೇಷನ್ ಅಂತಾರೇನು?

ಎಕ್ಸ್‌ರೇ ಖೋಲಿ, ವಿಜಯಪುರ

ರಿಪೋರ್ಟ್ ಚೊಲೋ ಬರದಾರ, ಮಟ್ಟ ಹೇಳ್ಯಾರ, ಗಡಿಯಾರ ಹೇಳ್ಯಾರ. 11ರಿಂದ 1 ಅಂದ್ರ 60 ಡಿಗ್ರಿ, ಪೂರ್ತಿ ಸುತ್ತಿನ ಆರನೇ ಒಂದು ಪಾಲು. ಲಂಗದ ಲಾಡಿ ಒಂದು ಕಡೆ ಹರಿದು ಎರಡೂ ತುದಿ ಒಳಗ ಸರಿದ್ರ ಎಷ್ಟು ಜಗ್ಗಿದ್ರೂ ಬಿಗಿ ಆಗೂದಿಲ್ಲಲ್ಲ, ಹೊರ ಸ್ನಾಯುದ್ದೂ ಅದೇ. ಆದ್ರ ನಿಮ್ಮದು ನಡು ಮಟ್ಟದಾಗಷ್ಟೇ ಬಿಟ್ಟದ, ಮೇಲೆ-ಕೆಳಗ ಹಿಡಿದದ. ಒಳ ಸ್ನಾಯು ಪೂರ್ತಿ ಇರೂದು ಭಾಳ ದೊಡ್ಡ ಮಾತು.

ಪ್ರಸೂತಿ ವೈದ್ಯೆ, ಬೆಳಗಾವಿ

ನಿಮ್ಮನ್ನು ಪರೀಕ್ಷಿಸಿದ ಡಾಕ್ಟರ್ ಮಾತೇ ಕೊನೆ. ಸಾಮಾನ್ಯ ಕ್ರಮ ಹೇಳುತ್ತೇನೆ. ಐದನೇ ತಿಂಗಳಿಗೆ, ಇಂಥ ರಿಪೋರ್ಟಿಗೆ, ಯಾರೂ ನೇರವಾಗಿ ಚಾಕು ಹಿಡಿಯುವುದಿಲ್ಲ. ವ್ಯಾಯಾಮ, ಬಯೋಫೀಡ್‌ಬ್ಯಾಕ್ (ಎಷ್ಟು ಬಿಗಿ ಹಿಡಿದಿರಿ ಎಂದು ಯಂತ್ರದಲ್ಲಿ ನೋಡುತ್ತ ಕಲಿಯುವುದು), ಮಲದ ಹದ, ಇವನ್ನು ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿ, ಮತ್ತೆ ಅಂಕ ಹಾಕಿ. ಹೊರ ಸ್ನಾಯು ಸರಿಯಾಗಿ ಹೊಲಿದವರಲ್ಲಿ ಶೇ. 60ರಿಂದ 80ರಷ್ಟು ಜನ ವರ್ಷದ ಹೊತ್ತಿಗೆ ತೊಂದರೆಯಿಲ್ಲದೆ ಇರುತ್ತಾರೆ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆಮೇಲೂ ಬದುಕಿಗೆ ಅಡ್ಡಿಯಾದರೆ ಬಿಟ್ಟ ತುದಿಗಳನ್ನು ಒಂದರ ಮೇಲೊಂದು ತಂದು ಹೊಲಿಯುವ ಸ್ಫಿಂಕ್ಟರೊಪ್ಲಾಸ್ಟಿ ಇದೆ, ಬೆನ್ನಿನ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಸಾಧನವೂ ಇದೆ.

ಮುಂದಿನ ಬಸಿರಿನ ಹೊತ್ತಿಗೆ ಈ ರಿಪೋರ್ಟ್ ಜೋಪಾನ ಇಡಿ. ತೊಂದರೆ ಇದ್ದರೆ, ಅಥವಾ ಸ್ಕ್ಯಾನ್, ಮ್ಯಾನೊಮೆಟ್ರಿಯಲ್ಲಿ ದೋಷ ಉಳಿದಿದ್ದರೆ ಸಿಸೇರಿಯನ್ ಬಗ್ಗೆ ಮಾತಾಡಬೇಕು. ಏನೂ ತೊಂದರೆ ಇಲ್ಲದೆ ಸ್ನಾಯು ಚೆನ್ನಾಗಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ಸಿಸೇರಿಯನ್ ಇದ್ದದ್ದನ್ನು ಕಾಯುತ್ತದೆ, ಹರಿದದ್ದನ್ನು ಕೂಡಿಸುವುದಿಲ್ಲ.

ಇಂಡಿ ಅಕ್ಕ

ನಾನು ಈಗ ಎರಡನೇ ಬಸುರಿ, ಏಳನೇ ತಿಂಗಳು. ಮೊದಲನೇ ಕಾರ್ಡಿನ್ಯಾಗ ‘3ನೇ ದರ್ಜೆ’ ಅಂತ ಅದ, ಆಗ ಸ್ಕ್ಯಾನ್ ಮಾಡಿಸಿಲ್ಲ. ಬಸುರಿದ್ದಾಗ ಮಾಡಿಸಬಹುದೇನ್ರಿ?

ಪ್ರಸೂತಿ ವೈದ್ಯೆ, ಬೆಳಗಾವಿ

ಮಾಡಿಸಬಹುದು, ಕೂಸಿಗೆ ಅಪಾಯವಿಲ್ಲ. ಹೊರಗಿನಿಂದ ನೋಡುವ ಟ್ರಾನ್ಸ್‌ಪೆರಿನಿಯಲ್ ನಿಮಗೆ ಹಗುರ. ಎಂಟನೇ ತಿಂಗಳೊಳಗೆ ಆದರೆ ಹೆರಿಗೆ ಹೇಗೆಂದು ನಿಧಾನವಾಗಿ ಮಾತಾಡಲು ಸಮಯ ಸಿಗುತ್ತದೆ. ಬಸುರಿಗೆ ಯಾವ ಅಲ್ಟ್ರಾಸೌಂಡ್ ಮಾಡಿದರೂ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ದಾಖಲೆ ಇಡಬೇಕು, ಅದಕ್ಕೆ ಫಾರ್ಮ್ ಎಫ್ ತುಂಬಿಸುತ್ತಾರೆ. ಗುದದ ಸ್ಕ್ಯಾನಿಗೆ ಇದೆಲ್ಲ ಯಾಕೆ ಎಂದು ಕೌಂಟರಿನಲ್ಲಿ ಜಗಳ ತೆಗೆಯಬೇಡಿ. ಗುರುತಿನ ಚೀಟಿ ಮತ್ತು ಮೊದಲ ಹೆರಿಗೆಯ ಡಿಸ್ಚಾರ್ಜ್ ಕಾರ್ಡ್ ತೆಗೆದುಕೊಂಡು ಹೋಗಿ.

ಇಂಡಿ ಅಕ್ಕ

ಆಧಾರ್ ಕಾರ್ಡ್ ಹೆಂಗೂ ಪರ್ಸಿನ್ಯಾಗ ಅದ. ಡಿಸ್ಚಾರ್ಜ್ ಕಾರ್ಡ್ ತವರುಮನ್ಯಾಗ ಉಳಿದದ, ತಮ್ಮಗ ಫೋಟೋ ಕಳಿಸು ಅಂತ ಹೇಳೀನಿ.